ಪಡುವಣ ಗೋಡೆಯ ಸಮುದ್ರರಾಯರು

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರಿಗೆ ಸಮುದ್ರರಾಯರು ಎಂದು ಹೆಸರಿಟ್ಟವನು ವಾಚ್‌ಮನ್. ಭಗೀರಥ ಗಂಗೆಯನ್ನು ಕೆಳಗಿಳಿಸಿದ. ಇವರು ಕಡಲನ್ನೇ ಮೇಲೇರಿಸಿದರು. ಬೆಂಗಳೂರಿನ 900 ಮೀಟರ್ ಎತ್ತರ ಸಾಲದೆಂದು ಇನ್ನೂ ಮೂರು ಮಹಡಿ, ಅದೂ ಲಿಫ್ಟಿನಲ್ಲಿ.

ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿ ಇಟ್ಟ ರಾಯರಿಗೆ ಗೋಲ್ಡ್‌ಫಿಶ್ ಸಾಕುವವರನ್ನು ಕಂಡರೆ ಮರುಕ. ‘ಚಿಕ್ಕದರಲ್ಲಿ ಶುರು ಮಾಡಬಹುದಿತ್ತಲ್ಲ’ ಎಂದರಂತೂ ಮುಗಿಯಿತು. ‘ಚಿಕ್ಕ ತೊಟ್ಟಿಯಲ್ಲಿ ಎರಡು ಲೋಟ ನೀರು ಆವಿಯಾದರೂ ಉಪ್ಪು ಏರುತ್ತೆ, ಒಂದು ಮೀನು ಸತ್ತರೂ ನೀರೆಲ್ಲ ಕೆಡುತ್ತೆ. ದೊಡ್ಡದಾದಷ್ಟೂ ಸುಲಭ ಸ್ವಾಮಿ!’ ಮಾತೇನೋ ನಿಜ. ಆ ಸುಲಭದ ತೊಟ್ಟಿ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ನೀರೇ ಸುಮಾರು 450 ಲೀಟರ್. ಗಾಜು, ಕಲ್ಲು, ಸ್ಟ್ಯಾಂಡು ಸೇರಿದರೆ ಅರ್ಧ ಟನ್ನಿಗೂ ಮಿಗಿಲು. ವಿಷಯ ಕಿವಿಗೆ ಬಿದ್ದ ದಿನವೇ ಕೆಳಗಿನ ಮನೆಯವರು ತಮ್ಮ ಸೋಫಾ ಸರಿಸಿದರು.

ಎಲ್ಲಿಡುವುದು ಎಂಬುದೇ ದೊಡ್ಡ ರಾಮಾಯಣ. ನೀರು ಈಶಾನ್ಯದಲ್ಲೇ ಇರಬೇಕೆಂದು ರಾಯರ ತಾಯಿಯವರ ಹಟ. ಈಶಾನ್ಯದಲ್ಲಿ ಕಿಟಕಿ, ಬೆಳಗಿನ ಬಿಸಿಲು ಬಿದ್ದರೆ ನೀರು ಕಾಯುತ್ತದೆ, ಪಾಚಿ ಹಬ್ಬುತ್ತದೆ. ಕೆಳಗೆ ಬೀಮ್ ಇರುವುದು ಪಶ್ಚಿಮದ ಗೋಡೆಗುಂಟ. ಟಿವಿ ಇರುವುದೂ ಅಲ್ಲೇ. ‘ಅಮ್ಮಾ, ನಮ್ಮ ನಾಡಿಗೆ ಸಮುದ್ರ ಯಾವ ದಿಕ್ಕಿಗಿದೆ ಹೇಳು?’ ಎಂದರು ರಾಯರು. ಪಡುಗಡಲನ್ನು ಈಶಾನ್ಯಕ್ಕೆ ತರಲು ವಾಸ್ತುಶಾಸ್ತ್ರಕ್ಕೂ ಆಗಲಿಲ್ಲ. ಟಿವಿ ಮಲಗುವ ಕೋಣೆಗೆ ಹೋಯಿತು, ಅದರ ಹಿಂದೆಯೇ ಅಮ್ಮನವರೂ.

ಹವಳದ ದಿಬ್ಬ ಬೇಕೆಂದಿದ್ದರು. ಆದರೆ ಗಟ್ಟಿ ಹವಳಗಳನ್ನೆಲ್ಲ 2001ರಲ್ಲೇ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿಸಿದ್ದಾರೆ. ಅಂದರೆ ಹುಲಿಯ ಪಂಕ್ತಿಯಲ್ಲೇ ಊಟ. ಹಾಗಾಗಿ ರಾಯರ ದಿಬ್ಬ ಸುಟ್ಟ ಮಣ್ಣಿನದು. ನೀರು ಮಾತ್ರ ಅಪ್ಪಟ: ಟಿಡಿಎಸ್ ಸೊನ್ನೆಗೆ ಇಳಿಸಿ, ಲೀಟರಿಗೆ ಸುಮಾರು 35 ಗ್ರಾಂ ಲವಣ ಬೆರೆಸಿದ್ದು. ಮನೆಯವರು ಕುಡಿಯುವ ನೀರಿನ ಟಿಡಿಎಸ್ ಎಷ್ಟೋ ರಾಯರಿಗೆ ಗೊತ್ತಿಲ್ಲ. ಬೆಳಿಗ್ಗೆ ಎದ್ದು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಒಂದು ಕಣ್ಣು ಮುಚ್ಚಿ, ಬಾಲ್ಕನಿಯ ಬೆಳಕಿಗೆ ಹಿಡಿದು, ‘1.025’ ಎಂದು ಉಸಿರು ಬಿಡುತ್ತಾರೆ. ಅಲ್ಲಿಯವರೆಗೆ ಕಾಫಿ ಬೇಕೇ ಎಂದು ಕೇಳುವಂತಿಲ್ಲ.

ಮೊದಲ ಒಂದೂವರೆ ತಿಂಗಳು ತೊಟ್ಟಿಯಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ‘ಮೀನೆಲ್ಲಿ?’ ಎಂದವರಿಗೆ, ‘ಸದ್ಯ ಬ್ಯಾಕ್ಟೀರಿಯಾ ಸಾಕ್ತಿದ್ದೀವಿ’ ಎಂಬ ಹೆಮ್ಮೆಯ ಉತ್ತರ. ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಅವು ನೆಲೆಯೂರದೆ ಮೀನು ಬಿಟ್ಟರೆ ಉಳಿಯುವುದಿಲ್ಲ. ಇದನ್ನು ಕೇಳಿದ ಕೆಲಸದಾಕೆ ಹಾಲ್ ಗುಡಿಸುವುದನ್ನು ಬಿಟ್ಟಳು.

ಕೊನೆಗೂ ಬಂದವು, ಎರಡು ಕ್ಲೌನ್ ಮೀನು. ಈ ಜಾತಿಯಲ್ಲಿ ಹುಟ್ಟುವುದೆಲ್ಲ ಗಂಡು; ದರ್ಪವಿರುವುದು ಹೆಣ್ಣಾಗುತ್ತದೆ. ಮದುವೆ ಕರೆಯೋಲೆ ಕೊಡಲು ಬಂದವರನ್ನೂ ಕೂರಿಸಿಕೊಂಡು ರಾಯರು ಇದನ್ನು ವಿವರಿಸುತ್ತಾರೆ. ಅವರ ಮನೆಯಾಕೆ ‘ಜಾಣ ಮೀನು’ ಎಂದು ಒಳಗೆ ಹೋಗುತ್ತಾರೆ. ಅತಿಥಿಗಳು ಬೆವರುತ್ತಿರುತ್ತಾರೆ. ನೀರನ್ನು 26 ಡಿಗ್ರಿಯಲ್ಲಿಡುವ ಚಿಲ್ಲರ್ ತನ್ನ ಬಿಸಿಗಾಳಿಯನ್ನೆಲ್ಲ ಹಾಲ್‌ಗೇ ಊದುತ್ತದೆ, ಕರೆಂಟು ಹೋದರೆ ಇನ್ವರ್ಟರ್ ಪಂಪಿಗೆ ಮೀಸಲು, ಫ್ಯಾನಿಗಿಲ್ಲ.

ಮೊನ್ನೆ ರಾಯರು ಟೇಪು ಹಿಡಿದು ಅತಿಥಿಗಳ ಕೋಣೆಗೆ ಹೋಗಿ, ಆರಡಿ ತೊಟ್ಟಿ ಇನ್ನೂ ಸುಲಭವಂತೆ ಎನ್ನುತ್ತ ಮಂಚದ ಉದ್ದ ಅಳೆದರು. ಅದರ ಮೇಲೆ ಮಲಗಿದ್ದ ಭಾವಮೈದುನ ಎದ್ದು ಕೂತು ರಾತ್ರಿ ಬಸ್ಸಿಗೆ ಟಿಕೆಟ್ ಹುಡುಕತೊಡಗಿದ.