ಅಭಿಮಾನಿ ಸಮುದಾಯಗಳ ಮುಚ್ಚುವಿಕೆಯ ಮೀಮಾಂಸೆ: ಮಾದಾಪುರವನ್ನು ಅನುಲಕ್ಷಿಸಿ ಒಂದು ಅಧ್ಯಯನ

ಅಧ್ಯಾಯ ಒಂದು: ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಪ್ರಸ್ತುತ ಅಧ್ಯಯನವು ಬಹುಶಿಸ್ತೀಯ ನೆಲೆಯಲ್ಲಿ, ವಸಾಹತೋತ್ತರ ಹಾಗೂ ವೇತನೋತ್ತರ ಚೌಕಟ್ಟಿನಲ್ಲಿ, ಅಂತರ್ಜಾಲದಲ್ಲಿ ಬಹುಕಾಲ ಬಾಳಿದ ಅಭಿಮಾನಿ ಸಮುದಾಯವೊಂದು ಬಾಗಿಲು ಹಾಕಿಕೊಂಡು ಮುಂದಕ್ಕೆ ಸಾಗುವ ಪ್ರಕ್ರಿಯೆಯನ್ನು ನಿರ್ವಚಿಸುವ, ನಿರ್ವಚಿಸಿದ್ದನ್ನು ಪುನರ್‌ನಿರ್ವಚಿಸುವ, ಆಮೇಲೆ ಊಟಕ್ಕೆ ಏಳುವ ಉದ್ದೇಶವನ್ನು ಹೊಂದಿದೆ. ವ್ಯಾಪ್ತಿ: ಹೈದರಾಬಾದಿನ ಮಾದಾಪುರ. ಕಾಲ: ಜನವರಿ 2004ರಿಂದ 30 ಸೆಪ್ಟೆಂಬರ್ 2014ರವರೆಗೆ, ಅಂದರೆ ಆರ್ಕುಟ್ ಹುಟ್ಟಿದ ತಿಂಗಳಿಂದ ಸತ್ತ ದಿನದವರೆಗೆ. ಮಿತಿ: ಆಕರ ಸಾಮಗ್ರಿ ಒಂದೂ ಉಳಿದಿಲ್ಲ. ಇದನ್ನು ದೋಷವೆಂದು ಎಣಿಸಬಾರದು. ಆಕರಗಳೇ ಇಲ್ಲದಿದ್ದರೆ ಸಿದ್ಧಾಂತಕ್ಕೆ ಅಡ್ಡ ಬರುವವರೂ ಇರುವುದಿಲ್ಲ.

ಪ್ರೇರಣೆಯನ್ನು ದಾಖಲಿಸುವುದು ಸಂಶೋಧನಾ ಧರ್ಮ. ಈಚೆಗೆ ಒಂದು ರಾಷ್ಟ್ರೀಯ ವಿಚಾರಸಂಕಿರಣದಲ್ಲಿ (ರಾಷ್ಟ್ರೀಯ ಎಂದರೆ ಪಕ್ಕದ ರಾಜ್ಯದಿಂದ ಒಬ್ಬರು ಬಂದಿದ್ದರು) ವಿದ್ವಾಂಸರೊಬ್ಬರು ಡಿಜಿಟಲ್ ಅಭಿಮಾನದ ಕುರಿತು ಪ್ರಬಂಧ ಮಂಡಿಸಿದರು. ಅವರು ಆರ್ಕುಟ್ಟಿನ ಮುಖ ಕಂಡವರಲ್ಲ. ಅದರಿಂದ ಅವರ ಮಾತಿಗೇನೂ ತೊಂದರೆಯಾಗಲಿಲ್ಲ. ಅಭಿಮಾನಿಗಳನ್ನು ಅವರು ‘ಭಾವುಕ ಉಪಭೋಗಿ ಸಮೂಹ’ ಎಂದು ಕರೆದರು. ಸಮುದಾಯಗಳು ಮುಚ್ಚಿಹೋದದ್ದನ್ನು ‘ಆರೋಗ್ಯಕರ ಪಲ್ಲಟ’ ಎಂದರು. ನೆಲೆ ಬಂದಲ್ಲೆಲ್ಲ ಹಿನ್ನೆಲೆ ಹಿಂಬಾಲಿಸಿತು, ಪ್ರತಿ ವಾಕ್ಯಕ್ಕೂ ಎರಡೆರಡು ಆಯಾಮ ಮೂಡಿದವು. ಕೊನೆಗೆ ಪ್ರಮಾಣಪತ್ರ, ಐಎಸ್‌ಬಿಎನ್ ಹಾಕಿದ ಪುಸ್ತಕ, ಹೋಳಿಗೆ ಊಟ. ಇಷ್ಟು ಸಲೀಸಾಗಿ ನಡೆಯುವ ಉದ್ಯಮದಲ್ಲಿ ನಾನೂ ಒಂದು ಕೈ ನೋಡಬಾರದೇಕೆ?

ಅಧ್ಯಾಯ ಎರಡು: ಕ್ಷೇತ್ರ ಪರಿಚಯ

1998ರಲ್ಲಿ ಪ್ರಧಾನಿ ವಾಜಪೇಯಿ ಸೈಬರ್ ಟವರ್ಸ್ ಉದ್ಘಾಟಿಸಿದ ಮೇಲೆ ಬಂಡೆಗುಡ್ಡಗಳ ಮಾದಾಪುರ ಗಾಜಿನ ಊರಾಯಿತು. ಟವರಿನಿಂದ ಕೂಗಳತೆಯಲ್ಲೇ ಶಿಲ್ಪಾರಾಮಂ ಇದೆ. ಹಳ್ಳಿಯ ಗುಡಿಸಲುಗಳ ಮಾದರಿಗಳನ್ನು ಅಲ್ಲಿ ಟಿಕೆಟ್ ಇಟ್ಟು ತೋರಿಸುತ್ತಾರೆ. ಅಸಲಿ ಹೋದ ಮೇಲೆ ಮಾದರಿಗೆ ಟಿಕೆಟ್ ಹಚ್ಚುವ ಈ ವಿದ್ಯಮಾನವನ್ನು ‘ಸ್ಮರಣೆಯ ಪ್ರವೇಶಶುಲ್ಕೀಕರಣ’ ಎಂದು ಕರೆಯೋಣ. ಈ ಪದವನ್ನು ಮತ್ತೆ ಬಳಸುವುದಿಲ್ಲ. ಒಂದಾದರೂ ಹೊಸ ಪರಿಭಾಷೆ ಇರಬೇಕೆಂದು ಗೈಡ್ ಹೇಳಿದ್ದರಿಂದ ಇಟ್ಟಿದ್ದೇನೆ.

ಇಲ್ಲಿನ ಅಯ್ಯಪ್ಪ ಸೊಸೈಟಿಯ ಪಿಜಿಗಳಲ್ಲಿ ಎರಡು ತಳಿಯ ಕನ್ನಡಿಗರು ಕಾಣಸಿಗುತ್ತಿದ್ದರು. ಬೀದರ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದು ಅಜ್ಜನ ಕಾಲದಿಂದ ಗೊತ್ತಿದ್ದ ಪಟ್ಟಣ. ದವಾಖಾನೆಗೆ, ಮದುವೆ ಬಟ್ಟೆಗೆ ಬಂದು ಹೋಗಿ ಮಾಡಿದ ಊರು. ಬೆಂಗಳೂರು, ಮೈಸೂರು ಕಡೆಯವರಿಗೆ ಅದು ಪ್ರಾಜೆಕ್ಟ್ ಸಿಕ್ಕಿದ ಜಾಗ, ಅಷ್ಟೆ. ಇವರು ಒಂದೇ ಓಣಿಯಲ್ಲಿದ್ದು, ಒಂದೇ ಮೆಸ್ಸಿನಲ್ಲಿ ಪಪ್ಪು, ಗೋಂಗೂರ ಉಂಡು, ಒಬ್ಬರಿಗೊಬ್ಬರು ತೆಲುಗಿನಲ್ಲಿ ನೀರು ಕೇಳಿಕೊಂಡು, ಪರಸ್ಪರ ಕನ್ನಡದವರೆಂದು ತಿಳಿದದ್ದು ಆರ್ಕುಟ್ಟಿನಲ್ಲಿ.

ಆರ್ಕುಟ್ ಎಂದರೇನೆಂದು ಈಗಿನ ಹುಡುಗರಿಗೆ ಹೇಳಬೇಕು. ಗೂಗಲ್ಲಿನ ಎಂಜಿನಿಯರ್ ಆರ್ಕುಟ್ ಬುಯುಕ್ಕೋಕ್ಟೆನ್ ಕಟ್ಟಿದ ತಾಣ ಅದು, ಹೆಸರು ಅವನದೇ. ಮೊದಲಿಗೆ ಒಳಗಿದ್ದವರು ಕರೆದರೆ ಮಾತ್ರ ಹೊರಗಿನವರಿಗೆ ಪ್ರವೇಶ. ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಜನ ನಮ್ಮವರೇ. ಬರೆದು ಹೋಗುವ ಚೀಟಿಗೆ ಸ್ಕ್ರ್ಯಾಪ್ ಎನ್ನುತ್ತಿದ್ದರು. ಗೆಳೆಯನ ನಂಬಿಕಸ್ತಿಕೆಯನ್ನು ನಗುಮುಖಗಳಲ್ಲಿ, ಅವನ ಗತ್ತನ್ನು ಐಸ್ ತುಂಡುಗಳಲ್ಲಿ, ಅಂದವನ್ನು ಹೃದಯಗಳಲ್ಲಿ ಅಳೆದು ಕೊಡಬಹುದಿತ್ತು. ಮನುಷ್ಯನನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ಮಾನದಂಡವನ್ನು ನಾನು ಯಾವ ವಿಶ್ವವಿದ್ಯಾಲಯದಲ್ಲೂ ಕಂಡಿಲ್ಲ.

ಅದರೊಳಗೆ ಹೈದರಾಬಾದಿನಲ್ಲಿದ್ದ ಕನ್ನಡ ಸಿನಿಮಾ ಹುಚ್ಚರದ್ದೊಂದು ಕಮ್ಯೂನಿಟಿ. ರಾಜ್, ವಿಷ್ಣು, ಶಂಕರ್‌ನಾಗ್ ಅಭಿಮಾನಿಗಳು ಅಲ್ಲಿ ಜಗಳವಿಲ್ಲದೆ ಇದ್ದರು. ವಿದ್ವಾಂಸರು ಇದನ್ನು ‘ಸೌಹಾರ್ದದ ಪರ್ಯಾಯ ಸಂಕಥನ’ ಎನ್ನುವ ಮೊದಲೇ ಹೇಳಿಬಿಡುತ್ತೇನೆ: ಜಗಳಕ್ಕೆ ಬೇಕಾದಷ್ಟು ಜನ ಇರಲಿಲ್ಲ. ಒಂದು ಕನ್ನಡ ಸಿನಿಮಾ ಊರಿಗೆ ಬರಬೇಕಾದರೆ ಇಂತಿಷ್ಟು ಜನ ಬಂದೇ ಬರುತ್ತೇವೆ ಎಂದು ಥಿಯೇಟರಿನವರಿಗೆ ಲೆಕ್ಕ ಕೊಡಬೇಕಿತ್ತು. ಲೆಕ್ಕ ತುಂಬಲು ದರ್ಶನ್ ಅಭಿಮಾನಿಗೆ ಸುದೀಪ್ ಅಭಿಮಾನಿಯೂ ಬೇಕಾಗುತ್ತಿದ್ದ.

ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಇಟ್ಟಿಗೆ, ಗಾರೆಯ ಅಸಲಿ ಕಟ್ಟಡಗಳು. ಮಾದಾಪುರದ ನಮ್ಮ ಪೈಕಿ ಹೆಚ್ಚಿನವರು ಕಾಚಿಗುಡಕ್ಕೆ ಹೋಗುತ್ತಿದ್ದದ್ದು ಬೆಂಗಳೂರಿನ ರೈಲು ಹಿಡಿಯಲು. ಕಟ್ಟಡ ಹಳೆಯದು, ಮುದುಕರ ಜಾಗ, ನಮ್ಮದು ಮೋಡದಲ್ಲಿದೆ ಎಂಬ ಜಂಬ. ಮುದುಕರ ಜಾಗ ಈಗಲೂ ಅಲ್ಲೇ ಇದೆ.

ಅಧ್ಯಾಯ ಮೂರು: ಮುಚ್ಚುವಿಕೆಯ ಸಪ್ತವಿಧ ವರ್ಗೀಕರಣ

ಒಂದನೆಯದು, ಘೋಷಿತ ಮುಚ್ಚುವಿಕೆ. ಆರ್ಕುಟ್ ಮುಚ್ಚುತ್ತೇವೆಂದು ಗೂಗಲ್ ಹೇಳಿದ್ದು 30 ಜೂನ್ 2014ರಂದು, ಮುಚ್ಚಿದ್ದು 30 ಸೆಪ್ಟೆಂಬರ್‌ಗೆ. ಮೂರು ತಿಂಗಳು. ಮಾದಾಪುರದ ಎಷ್ಟೋ ಕಂಪನಿಗಳ ನೋಟಿಸ್ ಪೀರಿಯಡ್ಡೂ ಇಷ್ಟೇ ಎಂಬುದನ್ನು ಈ ಹಿಂದಿನ ಯಾವ ಸಂಶೋಧಕರೂ ಗಮನಿಸಿಲ್ಲ. ಇದರ ಆಧಾರದ ಮೇಲೆ ‘ತ್ರೈಮಾಸಿಕ ನಿರ್ಗಮನ ಸಿದ್ಧಾಂತ’ವನ್ನು ಮಂಡಿಸುತ್ತಿದ್ದೇನೆ: ಇಲ್ಲಿ ಮನುಷ್ಯ, ಮಮಕಾರ, ತಾಣ ಯಾವುದೇ ಇರಲಿ, ಬಿಟ್ಟುಕೊಡಲು ತೊಂಬತ್ತು ದಿನ ಸಾಕು. ಉದ್ಯೋಗಿಗಾದರೆ ರಿಲೀವಿಂಗ್ ಲೆಟರ್, ಪಿಎಫ್, ಒಂದು ಕೇಕ್ ಇರುತ್ತದೆ. ರಾಜ್‌ಕುಮಾರ್ ಯಾರನ್ನು ಅಭಿಮಾನಿ ದೇವರುಗಳೆಂದು ಕರೆದರೋ ಆ ದೇವರುಗಳಿಗೆ ಒಂದು ಮೇಲ್ ಬಂತು. ಯೂಟ್ಯೂಬ್, ಬ್ಲಾಗರ್, ಗೂಗಲ್ ಪ್ಲಸ್ ಇದಕ್ಕಿಂತ ಚೆನ್ನಾಗಿ ಬೆಳೆದಿವೆ, ಅತ್ತ ಗಮನ ಕೊಡುತ್ತೇವೆ ಎಂಬುದು ಕೊಟ್ಟ ಕಾರಣ. ಅತ್ತ ಹೋದವರಿಗೆ ಏನಾಯಿತೆಂದರೆ, 2 ಏಪ್ರಿಲ್ 2019ರಂದು ಗೂಗಲ್ ಪ್ಲಸ್ ಕೂಡ ಮುಚ್ಚಿತು.

ಎರಡನೆಯದು, ಯಜಮಾನ ವೈರಾಗ್ಯ. ಇದು ಕಮ್ಯೂನಿಟಿ ಓನರಿಗೆ ತಗಲುವ ಸ್ಥಿತಿ. ಲಕ್ಷಣಗಳು: ಮದುವೆ, ಅಮೆರಿಕದ ವೀಸಾ, ಮ್ಯಾನೇಜರ್ ಹುದ್ದೆ. ರೋಗಿಯು ಒಂದು ರಾತ್ರಿ ಸುದೀರ್ಘ ವಿದಾಯ ಪತ್ರ ಬರೆಯುತ್ತಾನೆ. ನಮ್ಮ ಓನರೂ ಬರೆದ. ಹೆಸರು ಬೇಡ, ಈಗ ದೊಡ್ಡ ಜಾಗದಲ್ಲಿದ್ದಾನೆ. ‘ಭಾರವಾದ ಹೃದಯದಿಂದ’ ಎಂದು ಶುರು. ನಂತರ ‘ಇದೊಂದು ಅದ್ಭುತ ಪಯಣ’. ಯಾರೂ ಎಲ್ಲಿಗೂ ಹೋಗಿರಲಿಲ್ಲ. ಎಲ್ಲರೂ ಮಾದಾಪುರದಲ್ಲಿ ಗಾಲಿ ಕುರ್ಚಿಯ ಮೇಲೆ ಕೂತಿದ್ದೆವು. ನಂತರ ಕಲಿತ ಪಾಠಗಳು. ನಂತರ ‘ಎಲ್ಲ ಒಳ್ಳೆಯದಕ್ಕೂ ಒಂದು ಕೊನೆಯಿದೆ’. ಕೆಲಸ ಬಿಡುವವರು ಕೊನೆಯ ದಿನ ಇಡೀ ಫ್ಲೋರಿಗೆ ಕಳಿಸುವ ಮೇಲಿಗೂ ಇದಕ್ಕೂ ಪಾಠಾಂತರವೇ ಇಲ್ಲ. ಗ್ರಂಥ ಸಂಪಾದನೆ ಗೊತ್ತಿರುವವರು ಎರಡನ್ನೂ ಒಂದೇ ಮಾತೃಕೆಯಿಂದ ಬಂದ ಪ್ರತಿಗಳೆಂದು ಸಾಧಿಸಬಹುದು. ಪತ್ರ ಹಾಕಿದ ಮೇಲೆ ಬೇರೆಯವರಿಗೆ ಉಸ್ತುವಾರಿ ಕೊಡು ಎಂದು ಕೇಳಿದವರಿಗೆ ಉತ್ತರ ಬರಲಿಲ್ಲ. ಉಸ್ತುವಾರಿ ವಹಿಸಿಕೊಡುವುದು ಎರಡು ಕ್ಲಿಕ್ಕಿನ ಕೆಲಸವಾಗಿತ್ತು. ಅವನು ಅಳಿಸುವ ಗುಂಡಿಯನ್ನೇ ಒತ್ತಿದ. ನೆನಪು ಪವಿತ್ರವಾಗಿ ಉಳಿಯಲಿ ಎಂದಂತೆ.

ಮೂರನೆಯದು, ಸವಕಳಿ. ಯಾರೂ ಮುಚ್ಚುವುದಿಲ್ಲ. ಎಲ್ಲರೂ ಒಬ್ಬೊಬ್ಬರಾಗಿ ಫೇಸ್‌ಬುಕ್ಕಿಗೆ ಹೋಗುತ್ತಾರೆ. ಕೊನೆಗೆ ಉಳಿಯುವುದು ಕೊಂಡಾಪುರದಲ್ಲಿ ಎರಡು ಬೆಡ್‌ರೂಮಿನ ಮನೆ ಬಾಡಿಗೆಗಿದೆ ಎಂಬ ಜಾಹೀರಾತು.

ನಾಲ್ಕನೆಯದು ಕಲಹಜನ್ಯ. ಐದನೆಯದು... ಹೋಗಲಿ. ಏಳೆಂದು ಮೊದಲೇ ಶೀರ್ಷಿಕೆ ಹಾಕಿಬಿಟ್ಟೆ, ಏಳಿದ್ದರೆ ಅಧ್ಯಾಯ ತುಂಬಿದಂತೆ ಕಾಣುತ್ತದೆ. ಮುಚ್ಚುವ ಬಗೆ ಎರಡೇ: ಹೇಳಿ ಮುಚ್ಚುವುದು, ಹೇಳದೆ ಮುಚ್ಚುವುದು. ಒಳಗಿದ್ದ ಸಾಮಾನು ಯಾರದೆಂದು ಎರಡರಲ್ಲೂ ಯಾರೂ ಕೇಳುವುದಿಲ್ಲ.

ಅಧ್ಯಾಯ ನಾಲ್ಕು: ಸೆಪ್ಟೆಂಬರ್ ಮೂವತ್ತರ ಸಮಸ್ಯೆ

ಶಂಕರ್‌ನಾಗ್ ತೀರಿಕೊಂಡದ್ದು 30 ಸೆಪ್ಟೆಂಬರ್ 1990ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ, ಮೂವತ್ತಾರು ತುಂಬಿರಲಿಲ್ಲ. ಆರ್ಕುಟ್ ಮುಚ್ಚಿದ್ದು 30 ಸೆಪ್ಟೆಂಬರ್ 2014. ‘ಕಾಂತಾರ’ ಬಿಡುಗಡೆಯಾದದ್ದು 30 ಸೆಪ್ಟೆಂಬರ್ 2022. ಈ ಮೂರನ್ನು ಒಂದು ಸೂತ್ರದಲ್ಲಿ ಪೋಣಿಸಿದರೆ ಪಿಎಚ್.ಡಿ. ಗ್ಯಾರಂಟಿ, ‘ದುರಂತ, ಶೂನ್ಯ ಮತ್ತು ಪುನರುತ್ಥಾನ’ ಎಂದು ಹೆಸರಿಡಬಹುದು. ಅದು ಬರೀ ಕಾಕತಾಳೀಯ. ಆದರೂ ಒಂದು ಮಾತು. ಹೈದರಾಬಾದಿನಲ್ಲಿ ಒಂದು ಕನ್ನಡ ಆಟಕ್ಕಾಗಿ ಥಿಯೇಟರಿನವರ ಮುಂದೆ ಕೈಕಟ್ಟಿ ನಿಂತವರು ನಾವು. ಅದೇ ಊರಿನ ಜನ ‘ಕೆಜಿಎಫ್’, ‘ಕಾಂತಾರ’ಗಳನ್ನು ತೆಲುಗಿನಲ್ಲಿ ಮುಗಿಬಿದ್ದು ನೋಡಿದರು. ಆ ಸಂತೋಷವನ್ನು ಹಂಚಿಕೊಳ್ಳಲು ಹಳೆಯ ಜನರನ್ನು ಹುಡುಕಿದರೆ ವಿಳಾಸವಿಲ್ಲ. ಅಡ್ಡಹೆಸರಿನಲ್ಲಿ ಪರಿಚಯವಾದವರ ಅಸಲಿ ಹೆಸರನ್ನು ಕೇಳಿಕೊಂಡವರು ಯಾರು?

ಶಂಕರ್‌ನಾಗ್ ಅಭಿಮಾನಿ ಸಮುದಾಯ ಮಾತ್ರ ಇನ್ನೂ ಮುಚ್ಚಿಲ್ಲ. ಅವರು ನಟಿಸಿದ ‘ಆಟೋ ರಾಜ’ ಬಂದದ್ದು 1980ರಲ್ಲಿ. ಇವತ್ತಿಗೂ ಬೆಂಗಳೂರಿನ ಆಟೋಗಳ ಹಿಂದೆ ಅವರ ಮುಖವಿದೆ, ನಿಲ್ದಾಣಗಳಿಗೆ ಅವರ ಹೆಸರಿದೆ. ಅಲ್ಲಿ ಓನರ್ ಇಲ್ಲ, ಮಾಡರೇಟರ್ ಇಲ್ಲ, ವಿದಾಯ ಪತ್ರ ಬರೆಯುವ ಪದ್ಧತಿಯಿಲ್ಲ. ಒಬ್ಬ ಚಾಲಕ ಆಟೋ ಮಾರಿದರೆ ಇನ್ನೊಬ್ಬ ಕೊಳ್ಳುತ್ತಾನೆ, ಸ್ಟಿಕ್ಕರ್ ಹಾಗೇ ಇರುತ್ತದೆ. ಮೀಟರ್ ಮೇಲೆ ಹತ್ತು ರೂಪಾಯಿ ಹೆಚ್ಚು ಕೇಳುವ ಈ ಜನ ಸಂಸ್ಕೃತಿಯ ಹಸ್ತಾಂತರವನ್ನು ಯಾವ ಪವರ್‌ಪಾಯಿಂಟೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ.

ಅಧ್ಯಾಯದ ಸಂಖ್ಯೆ ಇಲ್ಲಿಂದ ಮುಂದೆ ಬೇಡ. ಹೇಳಬೇಕಾದದ್ದು ಅಳಿಸಿಹೋದದ್ದೇನು ಎಂಬುದನ್ನು.

ಹಳೆಯ ಕನ್ನಡ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ದೊಡ್ಡ ಹೆಸರುಗಳಾದ ಮೇಲೆ ‘ಮತ್ತಿತರರು’ ಎಂದು ಬರುತ್ತದೆ. ನಮ್ಮ ಕಮ್ಯೂನಿಟಿಯಲ್ಲಿ ಒಂದು ಎಳೆ ಇತ್ತು. ಅದರ ಕೆಲಸ ಆ ಮತ್ತಿತರರು ಯಾರೆಂದು ಪತ್ತೆ ಹಚ್ಚುವುದು. ಯಾರೋ ವಿಸಿಡಿ ನಿಲ್ಲಿಸಿ ಒಂದು ಮುಖದ ಚಿತ್ರ ತೆಗೆದು ಹಾಕುತ್ತಿದ್ದರು: ಈ ಪೋಸ್ಟ್‌ಮ್ಯಾನ್ ಯಾರು? ಮುಸುರಿ ಕೃಷ್ಣಮೂರ್ತಿ, ರತ್ನಾಕರ್, ಶನಿಮಹದೇವಪ್ಪ ಎಲ್ಲರಿಗೂ ಗೊತ್ತು. ಅವರ ಹಿಂದೆ ಛತ್ರಿ ಹಿಡಿದು ನಿಂತವನು ಯಾರು? ಇನ್ನೊಬ್ಬರು ಊರಿಗೆ ಹೋದಾಗ ನಾಟಕ ಕಂಪನಿಯಲ್ಲಿದ್ದ ಸೋದರಮಾವನನ್ನು ಕೇಳಿ ಬಂದು ಹೆಸರು ಬರೆಯುತ್ತಿದ್ದರು. ಮತ್ತೊಬ್ಬರು ಅಲ್ಲ, ಅದು ಅವರ ತಮ್ಮ ಎನ್ನುತ್ತಿದ್ದರು. ಹೆಚ್ಚಿನವರದು ಇಂಗ್ಲಿಷ್ ಅಕ್ಷರದ ಕನ್ನಡ. ಕೆಲವರು ‘ಬರಹ’ ತಂತ್ರಾಂಶ ಹಾಕಿಕೊಂಡು ಕಷ್ಟಪಟ್ಟು ಕನ್ನಡದಲ್ಲೇ ಕುಟ್ಟುತ್ತಿದ್ದರು. ರಾತ್ರಿ ಪಾಳಿಯ ಸಪೋರ್ಟ್ ಕೆಲಸದ ನಡುವೆ, ಕಾಸಿಲ್ಲದೆ, ಪ್ರಮಾಣಪತ್ರವಿಲ್ಲದೆ.

7 ಜನವರಿ 2009ರಂದು ಹೈದರಾಬಾದಿನದೇ ಐಟಿ ಕಂಪನಿ ಸತ್ಯಂನ ಅಧ್ಯಕ್ಷರು ಲೆಕ್ಕದಲ್ಲಿ ಸಾವಿರಾರು ಕೋಟಿ ಸುಳ್ಳಿದೆ ಎಂದು ಪತ್ರ ಬರೆದರು. ಆ ವಾರ ಮಾದಾಪುರದಲ್ಲಿ ಎಷ್ಟೋ ಜನಕ್ಕೆ ನಿದ್ದೆ ಬರಲಿಲ್ಲ. ಕಮ್ಯೂನಿಟಿಯಲ್ಲಿ ಸಿನಿಮಾ ಮಾತು ನಿಂತಿತು. ಯಾವ ಕಂಪನಿಯಲ್ಲಿ ಜಾಗವಿದೆ, ಯಾರ ರೂಮಿನಲ್ಲಿ ಒಂದು ಹಾಸಿಗೆ ಖಾಲಿಯಿದೆ, ಮನೆಗೆ ಹೇಳದವರು ಹಬ್ಬಕ್ಕೆ ಊರಿಗೆ ಹೋಗಿ ಏನು ಹೇಳಬೇಕು ಎಂಬುದೇ ಮಾತು. ಸಂಕ್ರಾಂತಿ ಮುಗಿಸಿ ಬಂದವನೊಬ್ಬ ಮತ್ತೆ ಒಂದು ಮುಖದ ಚಿತ್ರ ಹಾಕಿದ: ಈ ಕಾನ್‌ಸ್ಟೇಬಲ್ ಯಾರು? ಎಲ್ಲರಿಗೂ ಉಸಿರು ಬಂತು.

ಇದನ್ನೇ ಆ ವಿದ್ವಾಂಸರು ಭಾವುಕ ಉಪಭೋಗ ಎಂದದ್ದು. ಸ್ವಾಮಿ, ಅದು ಸಂಶೋಧನೆ. ಒಬ್ಬ ಅನಾಮಿಕ ನಟನ ಹೆಸರು ತಿಳಿಯಲು ಮೂರು ಊರಿನ ಮುದುಕರನ್ನು ಮಾತಾಡಿಸಿದ್ದು ಕ್ಷೇತ್ರಕಾರ್ಯ. ಅದು ತಪ್ಪೆಂದು ಇನ್ನೊಬ್ಬ ಆಧಾರ ಕೊಟ್ಟು ತಿದ್ದಿದ್ದು ವಿಮರ್ಶೆ. ನೀವು ಓದಿದ ಪ್ರಬಂಧದಲ್ಲಿ ಎರಡೂ ಇರಲಿಲ್ಲ. ಅದು ಗ್ರಂಥಾಲಯದ ಬೀರುವಿನಲ್ಲಿ ಗಟ್ಟಿ ರಟ್ಟಿನೊಳಗೆ ಇನ್ನೂ ನೂರು ವರ್ಷ ಇರುತ್ತದೆ, ನಮ್ಮ ಎಳೆ ಹೋಯಿತು.

ಮುಚ್ಚಲೇಬಾರದೆಂಬ ಹಟ ನನಗಿಲ್ಲ. ಜನ ಸುಸ್ತಾಗುತ್ತಾರೆ, ಮಕ್ಕಳಾಗುತ್ತವೆ, ಆಸೆ ತೀರುತ್ತದೆ. ವೃತ್ತಿ ನಾಟಕ ಕಂಪನಿಗಳೂ ಮುಚ್ಚಿದವು. ಆದರೆ ಕಂಪನಿ ಎದ್ದುಹೋದಾಗ ಪರದೆ, ಪೆಟ್ಟಿಗೆ, ಕಿರೀಟಗಳು ಇನ್ನೊಂದು ಕಂಪನಿಗೆ ಹೋಗುತ್ತಿದ್ದವು, ಕಲಾವಿದರು ಪಾಠದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದರು. ಸಾಲಗಾರರಿಗಾದರೂ ಏನೋ ಸಿಗುತ್ತಿತ್ತು. ಹೊರದೇಶದವರಿಗೂ ಈ ಹಸ್ತಾಂತರದ ಬೆಲೆ ಅರ್ಥವಾಗಿದೆ. 2009ರಲ್ಲಿ ಯಾಹೂ ತನ್ನ ಜಿಯೋಸಿಟೀಸ್ ಜಾಲತಾಣವನ್ನು ಮುಚ್ಚುವಾಗ ಸ್ವಯಂಸೇವಕರ ಗುಂಪೊಂದು ಹಗಲೂ ರಾತ್ರಿ ಕೂತು ಕೈಗೆ ಸಿಕ್ಕಷ್ಟನ್ನು ಇಳಿಸಿಕೊಂಡಿತು. ಪರರ ಜಾಗದಲ್ಲಿ ಬರೆದು ಬರೆದು ಬೇಸತ್ತ ಅಭಿಮಾನಿ ಲೇಖಕಿಯರು 2007ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, ಮುಂದೆ ತಮ್ಮದೇ ಸರ್ವರ್ ಕೊಂಡರು. ಅವರ ‘ಓಪನ್ ಡೋರ್ಸ್’ ಯೋಜನೆಯ ಕೆಲಸವೇ ಮುಚ್ಚಿಹೋಗುವ ಅಭಿಮಾನಿ ತಾಣಗಳ ಬರಹವನ್ನು ಒಳಗೆ ಕರೆದುಕೊಳ್ಳುವುದು. ಅವರ ಕಥೆಗಳ ಭಂಡಾರಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿಯೂ ಬಂತು.

ನಾವು ವಾಟ್ಸ್‌ಆ್ಯಪ್ಪಿಗೆ ಹೋದೆವು. ಅಲ್ಲಿ ಬೆಳಿಗ್ಗೆ ಹೂವಿನ ಚಿತ್ರ ಬರುತ್ತದೆ.

ಆರ್ಕುಟ್ ಮುಚ್ಚಿದ ಮೇಲೂ ಸೆಪ್ಟೆಂಬರ್ 2016ರವರೆಗೆ ತಮ್ಮ ತಮ್ಮ ಸ್ಕ್ರ್ಯಾಪ್, ಫೋಟೊಗಳನ್ನು ಇಳಿಸಿಕೊಳ್ಳಲು ಗೂಗಲ್ ಅವಕಾಶ ಕೊಟ್ಟಿತ್ತು. ಆಗ ಹೈದರಾಬಾದಿನಲ್ಲೋ ಬೇರೆಲ್ಲೋ ಇದ್ದು ಇಳಿಸಿಕೊಂಡವರು ಓದುಗರಲ್ಲಿ ಇದ್ದೀರಿ ಎಂದು ನಂಬಿದ್ದೇನೆ. ಅಟ್ಟದ ಮೇಲಿನ ಹಳೆಯ ಲ್ಯಾಪ್‌ಟಾಪು, ಡ್ರಾಯರಿನ ಮೂಲೆಯ ಹಾರ್ಡ್‌ಡಿಸ್ಕ್ ಒಮ್ಮೆ ತೆಗೆದು ನೋಡಿ. ವಿಸಿಡಿಯಿಂದ ತೆಗೆದ ಮಸುಕು ಮುಖಗಳು ಸಿಕ್ಕರೆ, ಅದರ ಕೆಳಗೆ ಯಾರಾದರೂ ಹೆಸರು ಬರೆದಿದ್ದರೆ, ಎಲ್ಲಕ್ಕಿಂತ ಮೊದಲು ಒಂದು ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಡಿ. ಆಮೇಲೆ ಆ ಹೆಸರುಗಳನ್ನು ಕನ್ನಡ ವಿಕಿಪೀಡಿಯದ ಸಿನಿಮಾ ಪುಟಗಳಿಗೆ ಸೇರಿಸಿ. ಆಧಾರವೇನೆಂದು ಅಲ್ಲಿನವರು ಕೇಳುತ್ತಾರೆ, ಕೇಳುವುದು ಸರಿಯೇ. ಸಿನಿಮಾ ಯಾವುದು, ಎಷ್ಟನೆಯ ನಿಮಿಷದಲ್ಲಿ ಆ ಮುಖ ಬರುತ್ತದೆ, ಹೆಸರು ಹೇಳಿದ ಹಿರಿಯರು ಯಾವ ಕಂಪನಿಯಲ್ಲಿದ್ದವರು ಎಂದು ಬರೆದಿಡಿ.