ಮೇಲಿನ ಕೋಟೆ, ಕೆಳಗಿನ ಕೋಟೆ

ಮನೆಯ ಇಂಟರ್‌ನೆಟ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿದ ದಿನ, ದುರಸ್ತಿಗೆಂದು ಬಂದ ಹುಡುಗನು "ಸರ, ಐಪಿ ಬಂದೈತೇನ್ರಿ?" ಎಂದು ಕೇಳಲಾಗಿ, ಮೂವತ್ತು ವರ್ಷ ಬಳ್ಳಾರಿಯ ಮಕ್ಕಳಿಗೆ ಸಂಧಿಸಮಾಸಗಳನ್ನು ಬೋಧಿಸಿ ನಿವೃತ್ತನಾದ ನಾನು, ಯಾರೋ ಅಭ್ಯಾಗತರ ವಿಚಾರವಿರಬೇಕೆಂದು ಭಾವಿಸಿ, "ಇನ್ನೂ ಇಲ್ಲಪ್ಪ, ಸಂಜೆಗೆ ಬರಬಹುದು" ಎಂದುಬಿಟ್ಟೆನು. ಆತನು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಗಣಕಜಾಲದ ಶಾಸ್ತ್ರವನ್ನು ಮೂಲಗ್ರಂಥಗಳಿಂದಲೇ ಅಧ್ಯಯನ ಮಾಡಬೇಕೆಂಬ ಸಂಕಲ್ಪವು ಅಂದೇ ಹುಟ್ಟಿತು.

ಆದರೆ ಗ್ರಂಥ ಯಾವುದು? 1981ರಲ್ಲಿ ಮೊದಲು ಪ್ರಕಟವಾದ ಟನೆನ್‌ಬಾಮರ ಪುಸ್ತಕವು ತಂತಿಯಿಂದಾರಂಭಿಸಿ ಒಂದೊಂದೇ ಪದರವನ್ನು ಹತ್ತಿಸುತ್ತ ಓದುಗನನ್ನು ಮೇಲಕ್ಕೊಯ್ಯುವುದು. ಕುರೋಸ್ ಮತ್ತು ರಾಸ್ ಎಂಬಿಬ್ಬರದು ನಾವು ನಿತ್ಯ ಬಳಸುವ ವೆಬ್ಬು, ಇ-ಮೇಲುಗಳಿಂದ ಹೊರಟು ಕೆಳಕ್ಕಿಳಿಸುವುದು. ಬಳ್ಳಾರಿಯವನಿಗೆ ಇದೇನೂ ನೂತನವಲ್ಲ. ನಮ್ಮ ಬಂಡೆಯ ಗುಡ್ಡಕ್ಕೂ ಹನುಮಪ್ಪನಾಯಕನ ಮೇಲಿನ ಕೋಟೆ, ಹೈದರಾಲಿಯ ಕೆಳಗಿನ ಕೋಟೆ ಎಂದು ಎರಡುಂಟಷ್ಟೆ. ವೈಶಾಖದ ಬಿಸಿಲಿನಲ್ಲಿ ಮಂಡಿನೋವಿನವನು ಇಳಿಯುವ ದಾರಿಯನ್ನೇ ಮೆಚ್ಚುವನೆಂಬುದು ನಿಜ. ಆದರೆ ಇಳಿಯಬೇಕಾದವನು ಮೊದಲು ಮೇಲಿರಬೇಕಲ್ಲ!

"ಮಾವ, ಫೊರೊಜಾನ್ ತಗೋರಿ. ಚಿತ್ರ ಭಾಳ ಅದಾವ. ಪರೀಕ್ಷೆ ಹಿಂದಿನ ರಾತ್ರಿ ಓದಿದ್ರೂ ಸಾಕು" ಎಂದನು, ಎಂಜಿನಿಯರಿಂಗ್ ಓದುತ್ತಿರುವ ಸಿರುಗುಪ್ಪದ ನನ್ನ ತಂಗಿಯ ಮಗ. ಪರೀಕ್ಷೆಯೇ ಇಲ್ಲದವನಿಗೆ ಅದರ ಹಿಂದಿನ ರಾತ್ರಿಯನ್ನು ಎಲ್ಲಿಂದ ತರುವುದು?

ಬಲ್ಲವರು ಸ್ಟೀವನ್ಸರ 'ಟಿಸಿಪಿ/ಐಪಿ ಇಲ್ಲಸ್ಟ್ರೇಟೆಡ್' ಗ್ರಂಥವನ್ನು ಹೊಗಳಿದರು. ಅದರ ಮೂರು ಸಂಪುಟಗಳಲ್ಲಿ ನನ್ನಂಥವನಿಗೆ ತಕ್ಕದ್ದು 1994ರ ಮೊದಲನೆಯದು. ನಾನಾದರೋ, ದಪ್ಪನೆಯದರಲ್ಲಿ ವಿದ್ಯೆ ಹೆಚ್ಚೆಂಬ ಮಾಸ್ತರಿಕೆಯ ಮೌಢ್ಯದಿಂದ ಎರಡನೆಯದನ್ನು ತರಿಸಿದೆನು. ಪಾಣಿನಿ ಮಹರ್ಷಿಯು ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಕಟ್ಟಿಹಾಕಿದನು. ಇಲ್ಲಿ ಸಿ ಭಾಷೆಯ ಹದಿನೈದು ಸಾವಿರ ಸಾಲುಗಳು! ಕುರುಗೋಡಿನ ದೊಡ್ಡಬಸವಣ್ಣನಂತೆ ಅದು ಮೇಜಿನ ಮೇಲೆ ಮಂಡಿಯೂರಿದೆ. ಬೆಳಗ್ಗೆದ್ದು ಕೈಮುಗಿಯುತ್ತೇನೆ, ಕದಲಿಸುವುದಿಲ್ಲ.

ಕೊನೆಗೆ ನಾನು ಆದ್ಯಂತ ಓದಿದ್ದು ಒಂದೇ: 1980ರಲ್ಲಿ ಜಾನ್ ಪೋಸ್ಟೆಲ್ ಬರೆದ ಯುಡಿಪಿಯ ವಿಧಿ. ಮೂರೇ ಪುಟ, ಕಾಸಿನ ಖರ್ಚಿಲ್ಲ. ಕಳುಹಿಸುವುದಷ್ಟೇ ಅದರ ಧರ್ಮ, ತಲುಪಿತೇ ಎಂದು ವಿಚಾರಿಸುವುದಲ್ಲ. ನನ್ನ ತಂಗಿಯು ಸೋನಾಮಸೂರಿಯ ಚೀಲವನ್ನು ಬಸ್ಸಿಗೇರಿಸಿ ಮರೆತುಬಿಡುವ ಕ್ರಮವೂ ಇದೇ. ನನ್ನ ಹೆಂಡತಿಯದು ಟಿಸಿಪಿ. ಫೋನೆತ್ತಿದರೆ, "ಕೇಳಸ್ತೈತೇನವಾ?" "ಕೇಳಸ್ತೈತ್ರಿ ಅತ್ತಿಗಿ, ನಿಮಗ?" "ಹ್ಞೂಂ, ಕೇಳಸ್ತೈತಿ" ಎಂಬ ಮೂರು ಮಾತುಗಳು ಮುಗಿಯದೆ ವಿಷಯ ಹೊರಡದು.

ಹೋದ ವಾರ ಅಕ್ಕಿಯ ಚೀಲ ಬರಲೇ ಇಲ್ಲ. ಈ ವಿಧಿಯಲ್ಲಿ ಇದು ಸಹಜವೆಂದು ಮೂರೂ ಪುಟಗಳನ್ನು ಹೆಂಡತಿಯ ಮುಂದೆ ಹರವಿದೆನು. ಆಕೆ ಅವುಗಳ ಮೇಲೆಯೇ ಕಾಯಿಪಲ್ಲೆ ಹೆಚ್ಚುವ ಈಳಿಗೆಯನ್ನಿಟ್ಟು, ಸಿರುಗುಪ್ಪಕ್ಕೆ ಫೋನು ಹಚ್ಚಿ, "ಕೇಳಸ್ತೈತೇನವಾ?" ಎಂದಳು.