ಕಾಫಿಗೆ ಮುಂಚಿನ ಗುಳಿಗೆ

ನಲವತ್ತು ದಾಟಿದ ಹೆಂಗಸು ಮನೆಯಲ್ಲಿ "ಯಾಕೋ ತುಂಬಾ ಸುಸ್ತು ಕಣ್ರೀ" ಅಂದರೆ ಯಾರೂ ಪೇಪರಿನಿಂದ ತಲೆ ಎತ್ತುವುದಿಲ್ಲ. ಸುಸ್ತು ಯಾರಿಗಿಲ್ಲ? ಕೂದಲು ಉದುರಿದರೆ ಬೋರ್‌ವೆಲ್ ನೀರು. ತೂಕ ಏರಿದರೆ ಮಧ್ಯಾಹ್ನದ ನಿದ್ದೆ. ಮಲಬದ್ಧತೆಯಾದರೆ ಮೈದಾ. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ ಶಾಲು ಹೊದ್ದರೆ "ನಿನ್ನದೊಂದು ಬೇರೇನೇ ಹವಾಮಾನ". ಸಾರಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದರೆ ವಯಸ್ಸು. ಒಂದೊಂದು ದೂರಿಗೂ ಒಬ್ಬೊಬ್ಬ ಆರೋಪಿ ಹೀಗೆ ಸುಲಭವಾಗಿ ಸಿಕ್ಕಿಬಿಡುವುದರಿಂದ, ಕತ್ತಿನ ಮುಂಭಾಗದಲ್ಲಿ ಇಪ್ಪತ್ತು ಗ್ರಾಂ ಆಸುಪಾಸು ತೂಗುವ ಥೈರಾಯ್ಡ್ ಗ್ರಂಥಿಯ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಹೋಗುವುದೇನಿದ್ದರೂ ಮದುವೆ ಮನೆಯಲ್ಲಿ. "ಮುಖ ಯಾಕೇ ಹೀಗೆ ಊದ್ಕೊಂಡಿದೆ? ಹುಬ್ಬಿನ ತುದಿ ಬೇರೆ ಬೋಳಾಗಿದೆ. ಥೈರಾಯ್ಡ್ ಚೆಕ್ ಮಾಡ್ಸಿದ್ಯಾ?" ಎಂದು ದೂರದ ಚಿಕ್ಕಮ್ಮ ಇಡೀ ಪಂಕ್ತಿಗೆ ಕೇಳಿಸುವಂತೆ ವಿಚಾರಿಸುತ್ತಾಳೆ. ಆಕೆಗೆ ವೈದ್ಯಕೀಯ ಪದವಿಯಿಲ್ಲ, ವರ್ಷಗಟ್ಟಲೆ ಮಾತ್ರೆ ನುಂಗಿದ ಅನುಭವವಿದೆ. ಹುಬ್ಬಿನ ಹೊರತುದಿ ಉದುರುವುದನ್ನು ವೈದ್ಯಪುಸ್ತಕಗಳೂ ಲಕ್ಷಣವೆಂದೇ ಹೇಳುತ್ತವೆ. ಆದರೆ ಬ್ಯೂಟಿ ಪಾರ್ಲರಿನ ದಾರ ಆಡಿದ ಹುಬ್ಬು ಯಾವ ಕೋರ್ಟಿನಲ್ಲೂ ಸಾಕ್ಷಿಯಾಗಿ ನಿಲ್ಲದು.

ಚಿಕ್ಕಮ್ಮನ ಗುಮಾನಿಯನ್ನು ತೀರಾ ತಳ್ಳಿಹಾಕುವಂತೆಯೂ ಇಲ್ಲ. ಬೆಂಗಳೂರೂ ಸೇರಿ ದೇಶದ ಎಂಟು ನಗರಗಳಲ್ಲಿ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡ 11ರಷ್ಟು ಜನರಿಗೆ ಮಂದ ಥೈರಾಯ್ಡ್ (ಹೈಪೋಥೈರಾಯ್ಡಿಸಂ) ಇತ್ತು. ನೂರು ಎಲೆಯ ಪಂಕ್ತಿಯಲ್ಲಿ ಹತ್ತು ಹನ್ನೊಂದು ಎಲೆ ಅವರದೇ. ಅವರಲ್ಲೂ ಸುಮಾರು ಮೂರರಲ್ಲೊಬ್ಬರಿಗೆ ತಮಗಿದು ಇದೆಯೆಂಬ ಸುಳಿವೇ ಇರಲಿಲ್ಲ. ಹೆಂಗಸರಲ್ಲಿ ಇದು ಹೆಚ್ಚು. ಗಂಡಸರಿಗೂ ಬರುತ್ತದೆ, ಅವರು ಅದನ್ನು ಆಫೀಸಿನ ಮೇಲೆ ಹಾಕಿ ಸುಮ್ಮನಿರುತ್ತಾರೆ.

ಡಾಕ್ಟರುಗಳಿಗೂ ಈ ಗ್ರಂಥಿ ಬಹಳ ಕಾಲ ಚಳ್ಳೆಹಣ್ಣು ತಿನ್ನಿಸಿದೆ. ಲಂಡನ್ನಿನ ವಿಲಿಯಂ ಗಲ್ 1873ರಲ್ಲಿ ಐವರು ಹೆಂಗಸರ ಊದಿದ ಮುಖ, ದಪ್ಪನಾದ ನಾಲಿಗೆ, ನಿಧಾನವಾದ ಮಾತುಗಳನ್ನೆಲ್ಲ ಒಪ್ಪವಾಗಿ ವರ್ಣಿಸಿದ. ಕಾರಣ ಮಾತ್ರ ಹೇಳಲಾಗಲಿಲ್ಲ. ಹತ್ತು ವರ್ಷದ ಮೇಲೆ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೋಡರ್ ಕೋಚರ್, ತಾನು ಗಳಗಂಡಕ್ಕೆಂದು ಇಡೀ ಥೈರಾಯ್ಡನ್ನೇ ಕತ್ತರಿಸಿ ತೆಗೆದಿದ್ದ ರೋಗಿಗಳನ್ನು ಮತ್ತೆ ಕರೆಸಿ ನೋಡಿದರೆ ಎಷ್ಟೋ ಮಂದಿ ಅದೇ ರೀತಿ ಊದಿ ಮಂಕಾಗಿದ್ದರು. ಆತನಿಗೆ 1909ರಲ್ಲಿ ನೊಬೆಲ್ ಬಂತು. ಔಷಧ ಕೊಟ್ಟವನು ನ್ಯೂಕ್ಯಾಸಲ್‌ನ ಜಾರ್ಜ್ ಮರ್ರೆ. 1891ರಲ್ಲಿ ಆತ ಕುರಿಯ ಥೈರಾಯ್ಡಿನ ರಸ ತೆಗೆದು 46ರ ಹೆಂಗಸೊಬ್ಬಳಿಗೆ ಚುಚ್ಚಿದ. ಆಕೆ ಚೇತರಿಸಿಕೊಂಡದ್ದಷ್ಟೇ ಅಲ್ಲ, ಇನ್ನೂ 28 ವರ್ಷ ಬದುಕಿದಳು. ಆ ಲೆಕ್ಕಕ್ಕೆ ಖರ್ಚಾದ ಕುರಿಗಳು 870ಕ್ಕೂ ಹೆಚ್ಚು. ಮರುವರ್ಷ ಇನ್ನೊಬ್ಬ ವೈದ್ಯ ಸೂಜಿಯೇ ಬೇಡವೆಂದು, ಕುರಿಯ ಥೈರಾಯ್ಡನ್ನು ಹದವಾಗಿ ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿಯ ಜತೆ ತಿನ್ನಿಸಿದ. ನಮ್ಮ ಸಸ್ಯಾಹಾರಿ ಕುಟುಂಬಗಳು 1927ರಲ್ಲಿ ಪ್ರಯೋಗಾಲಯದಲ್ಲೇ ಥೈರಾಯ್ಡಿನ ಹಾರ್ಮೋನಾದ ಥೈರಾಕ್ಸಿನ್ ತಯಾರಿಸಿದ ಹ್ಯಾರಿಂಗ್ಟನ್ ಮತ್ತು ಬಾರ್ಜರ್‌ಗೆ ಎಷ್ಟು ಕೃತಜ್ಞರಾಗಿದ್ದರೂ ಕಡಿಮೆಯೇ.

ಕೊನೆಗೂ ನಮ್ಮ ಸುಸ್ತಿನ ಹೆಂಗಸು ಕ್ಲಿನಿಕ್ಕಿಗೆ ಹೋಗುತ್ತಾಳೆ. ಹಳೇ ಕಾಲದ ಡಾಕ್ಟರಾದರೆ ಲ್ಯಾಬಿನ ಚೀಟಿಗೂ ಮುಂಚೆ ಕೈ ಮುಂದಾಗುತ್ತದೆ. ಒಂದು ಗುಟುಕು ನೀರು ನುಂಗಿಸಿ ಕತ್ತನ್ನು ಓರೆಯಾಗಿ ನೋಡುತ್ತಾರೆ. ನಾಡಿ ಹಿಡಿಯುತ್ತಾರೆ. ಆಮೇಲೆ ಚಪ್ಪಲಿ ಬಿಟ್ಟು, ಕುರ್ಚಿಯ ಮೇಲೆ ಮಂಡಿಯೂರಿ, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಕೂರಲು ಹೇಳುತ್ತಾರೆ. ಸೀರೆಯ ನೆರಿಗೆ ಹಿಡಿದುಕೊಂಡು ಈಕೆ ಕುರ್ಚಿ ಹತ್ತುವಾಗ ಹೊರಗೆ ಕಾಯುತ್ತಿರುವವರು ಬಾಗಿಲ ಸಂದಿಯಿಂದ ಇಣುಕುತ್ತಾರೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ರಬ್ಬರ್ ಸುತ್ತಿಗೆಯ ಪುಟ್ಟ ಏಟು. ಪಾದ ಚಕ್ಕನೆ ಚಿಮ್ಮುತ್ತದೆ. ವಾಪಸು ಬರುವಾಗ ಮಾತ್ರ ಅದಕ್ಕೆ ಯಾವ ಅವಸರವೂ ಇಲ್ಲ. ಆ ನಿಧಾನವನ್ನು ನೋಡಿ ಡಾಕ್ಟರು "ಹೂಂ" ಅನ್ನುತ್ತಾರೆ. ಮನೆಯವರೆಲ್ಲ ಸೋಮಾರಿತನವೆಂದಿದ್ದಕ್ಕೆ ಇವರೊಬ್ಬರು "ಹೂಂ" ಅಂದರಲ್ಲ ಎಂದೇ ಈಕೆಗೆ ಅರ್ಧ ಗುಣವಾಗಿರುತ್ತದೆ.

"ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ?"

"ಏನೂ ಇಲ್ಲ ಡಾಕ್ಟ್ರೇ."

ವ್ಯಾನಿಟಿ ಬ್ಯಾಗಿನೊಳಗೆ, ಕೂದಲು ಉದುರುವುದಕ್ಕೆಂದು ತಂಗಿ ಕೊಟ್ಟ ಬಯೋಟಿನ್ ಡಬ್ಬಿ ತೆಪ್ಪಗಿರುತ್ತದೆ. ಅದು ಮಾತ್ರೆಯಲ್ಲ, ಸೌಂದರ್ಯ ಸಾಮಗ್ರಿ ಎಂಬುದು ಈಕೆಯ ಲೆಕ್ಕಾಚಾರ. ಆದರೆ ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಲ್ಯಾಬುಗಳ ಪರೀಕ್ಷಾ ವಿಧಾನವನ್ನೇ ದಾರಿ ತಪ್ಪಿಸಿ, ಥೈರಾಯ್ಡಿನ ಸ್ಥಿತಿ ತಿಳಿಯಲು ರಕ್ತದಲ್ಲಿ ಅಳೆಯುವ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ಥೈರಾಯ್ಡಿನಿಂದಲೇ ಉದುರಿದ ಕೂದಲಿಗೆ ನುಂಗಿದ ಮಾತ್ರೆ ಥೈರಾಯ್ಡನ್ನೇ ಮರೆಮಾಚುವ ಈ ಸೊಗಸನ್ನು ಯಾವ ಪತ್ತೇದಾರಿ ಕಾದಂಬರಿಕಾರನೂ ಊಹಿಸಿರಲಿಕ್ಕಿಲ್ಲ. ರಕ್ತ ಕೊಡುವ ಎರಡು ದಿನ ಮುಂಚೆಯಾದರೂ ಅದನ್ನು ನಿಲ್ಲಿಸಿರಬೇಕು.

ರಿಪೋರ್ಟು ಬರುತ್ತದೆ. ಟಿಎಸ್‌ಎಚ್ 14. ಪಕ್ಕದಲ್ಲಿ ನಾರ್ಮಲ್ ಎಂದರೆ ಸುಮಾರು 0.4ರಿಂದ 4ರವರೆಗೆ ಎಂದು ಅಚ್ಚಾಗಿದೆ. "14 ಅಂದ್ರೆ ಥೈರಾಯ್ಡು ಜೋರಾಗೇ ಕೆಲಸ ಮಾಡ್ತಿದೆಯಲ್ಲ!" ಎಂದು ಗಂಡ ಮೆಚ್ಚಿಕೊಳ್ಳುತ್ತಾನೆ. ವಿಷಯ ಉಲ್ಟಾ. ಟಿಎಸ್‌ಎಚ್ ಹೊರಡುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿಯಿಂದ. ಏಳದ ಮಗನನ್ನು ಅಮ್ಮ ಅಡುಗೆಮನೆಯಿಂದ ಎಬ್ಬಿಸಿದ ಹಾಗೆ: ಅವನು ಹೊದಿಕೆ ಎಳೆದುಕೊಂಡಷ್ಟೂ ಅಮ್ಮನ ದನಿ ಏರುತ್ತದೆ. ಲ್ಯಾಬಿನವರು ಅಳೆದು ಕೊಟ್ಟಿರುವುದು ಅಮ್ಮನ ಕೂಗನ್ನು. ಮಗ ನಿಜವಾಗಿ ಎಷ್ಟು ದುಡಿದಿದ್ದಾನೆಂದು ತಿಳಿಯಲು ಟಿ4 (ಥೈರಾಕ್ಸಿನ್) ನೋಡಬೇಕು.

ಟಿಎಸ್‌ಎಚ್ 2.1 ಬಂದವರ ಮೋರೆ ನೋಡಬೇಕು ಆಗ. ಕಾಯಿಲೆ ಇಲ್ಲವೆಂದು ಅಷ್ಟು ಬೇಸರಪಡುವವರನ್ನು ಬೇರೆ ಯಾವ ಲ್ಯಾಬಿನ ಮುಂದೆಯೂ ಕಾಣಲಾರೆವು. ಪಾಪ, ಮತ್ತೆ ಬೋರ್‌ವೆಲ್ ನೀರಿಗೇ ವಾಪಸಾಗಬೇಕಲ್ಲ!

14 ಬಂದವರ ಮನೆಗೆ ಸಲಹೆಗಳು ಹರಿದುಬರುತ್ತವೆ. ಎಲೆಕೋಸು ಮುಟ್ಟಬೇಡ, ಮೂಲಂಗಿ ಹುಳಿ ಬಿಡು, ಅಯೋಡಿನ್ ಉಪ್ಪು ಜಾಸ್ತಿ ಹಾಕು. ಬೇಯಿಸಿದ ಕೋಸಿನ ಪಲ್ಯ ಊಟಕ್ಕೊಂದಿಷ್ಟು ತಿಂದರೆ ಏನೂ ಆಗದು. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತಿದ್ದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ 1956ರಿಂದ ನಡೆಸಿದ ಪ್ರಯೋಗದಲ್ಲಿ ಆ ಉಪ್ಪು ಪವಾಡವನ್ನೇ ಮಾಡಿತು, ನಿಜ. ಆದರೆ ಇಂದಿನ ನಗರದ ರೋಗಿಗಳಲ್ಲಿ ಹೆಚ್ಚಿನವರದು ಜಪಾನಿನ ಹಶಿಮೊಟೊ 1912ರಲ್ಲಿ ವರ್ಣಿಸಿದ ಕಾಯಿಲೆ. ದೇಹದ ಕಾವಲು ಪಡೆಯೇ ಗ್ರಂಥಿಯ ಮೇಲೆ ಬೀಳುತ್ತದೆ. ಅದಕ್ಕೆ ಉಪ್ಪು ಸುರಿದು ಉಪಯೋಗವಿಲ್ಲ.

ಮದ್ದೇನೋ ಸರಳ, ದಿನಕ್ಕೊಂದು ಲೀವೋಥೈರಾಕ್ಸಿನ್. ಅಳತೆ ಮಿಲಿಗ್ರಾಮಿನಲ್ಲೂ ಅಲ್ಲ, ಮೈಕ್ರೋಗ್ರಾಮಿನಲ್ಲಿ. ಕಷ್ಟವಿರುವುದು ಬೆಳಗಿನ ಹೊತ್ತಿನಲ್ಲಿ. ಬರೀ ಹೊಟ್ಟೆಯಲ್ಲಿ ನೀರಿನ ಜತೆ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಬೇರೇನೂ ಬಾಯಿಗೆ ಹೋಗಬಾರದು. ಬೇರೇನೂ ಅಂದರೆ ಕಾಫಿ. ಹಳೇ ಮೈಸೂರು ಸೀಮೆಯ ಮನೆಯಲ್ಲಿ ಇದು ಸಣ್ಣ ಶಿಕ್ಷೆಯಲ್ಲ. ಫಿಲ್ಟರಿನ ಕೆಳಗಿನ ಡಬ್ಬಿಗೆ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುತ್ತಿರುತ್ತದೆ, ಹಾಲು ಉಕ್ಕುತ್ತದೆ, ಗಂಡ ಹಿತ್ತಾಳೆ ಡಬರಿಯಲ್ಲಿ ಸೊರ್ರೆಂದು ಎತ್ತಿ ಇಳಿಸುತ್ತಾನೆ. ಈಕೆ ಗಡಿಯಾರ ನೋಡುತ್ತಾಳೆ. "ಒಂದು ಗುಟುಕಿಗೆ ಏನಾಗುತ್ತೆ?" ಎಂಬ ಪ್ರಶ್ನೆಗೆ ಉತ್ತರ ಇಟಲಿಯಿಂದ ಬಂದಿದೆ. ಮಾತ್ರೆ ನುಂಗಿಯೂ ಟಿಎಸ್‌ಎಚ್ ಇಳಿಯದ ಕೆಲವರನ್ನು ಅಲ್ಲಿನ ವೈದ್ಯರು ವಿಚಾರಿಸಿದಾಗ, ಅವರು ಮಾತ್ರೆಯ ಬೆನ್ನಿಗೇ ಎಸ್ಪ್ರೆಸೊ ಕುಡಿಯುತ್ತಿದ್ದದ್ದು ಗೊತ್ತಾಯಿತು. ಕಾಫಿ ಮಾತ್ರೆಯನ್ನು ಕರುಳಿನಲ್ಲೇ ತಡೆಯುತ್ತದೆಂದು 2008ರಲ್ಲಿ ಅವರು ಬರೆದರು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗಂತೂ ನಾಲ್ಕು ಗಂಟೆ ಅಂತರ ಬೇಕು. ಹಾಗಾಗಿ ಫ್ರಿಜ್ಜಿನ ಬಾಗಿಲಿಗೆ ರೈಲ್ವೆ ವೇಳಾಪಟ್ಟಿಯೊಂದು ಅಂಟಿಕೊಳ್ಳುತ್ತದೆ.

ಆರೆಂಟು ವಾರದ ಮೇಲೆ ಮತ್ತೆ ರಕ್ತಪರೀಕ್ಷೆ. ಟಿಎಸ್‌ಎಚ್ 3ಕ್ಕೆ ಇಳಿದಿದೆ, ಶಾಲು ಬೀರುವಿಗೆ ಹೋಗಿದೆ, ಸಾರಿಗೆ ಉಪ್ಪು ಒಂದೇ ಸಲ ಬೀಳುತ್ತಿದೆ. ತೂಕದ ಯಂತ್ರ ಮಾತ್ರ ಮೂರು ಕಿಲೋ ಬಿಟ್ಟುಕೊಟ್ಟು ಅಲ್ಲೇ ನಿಂತಿದೆ. ಮಂದ ಥೈರಾಯ್ಡಿನಿಂದ ಏರುವ ತೂಕವೇ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು ಎಂದು ಡಾಕ್ಟರು ವಿವರಿಸುತ್ತಾರೆ. ಏರಿದ್ದರಲ್ಲಿ ಇನ್ನೂ ಇಳಿಯದ ಒಂಬತ್ತು ಕಿಲೋಗೆ ಏನು ಮಾಡುವುದೆಂದು ಕೇಳಿದರೆ ಹಬ್ಬದ ಒಬ್ಬಟ್ಟಿನ ವಿಚಾರ ತೆಗೆಯುತ್ತಾರೆ. ಈಕೆ ಸ್ವಲ್ಪ ಹೊತ್ತು ಯೋಚಿಸಿ, ಕತ್ತಿನ ಸುತ್ತಮುತ್ತ ಬೇರೆ ಯಾವುದಾದರೂ ಗ್ರಂಥಿ ಇದೆಯೇ, ಅದನ್ನೂ ಒಮ್ಮೆ ಚೆಕ್ ಮಾಡಿಸಬಹುದೇ ಎಂದು ವಿಚಾರಿಸುತ್ತಾಳೆ.